ಪಹಣಿಯಲ್ಲಿ ಕಾಣದ ಆನೆದಾರಿ

2011ರ ಮೇ ತಿಂಗಳಲ್ಲಿ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಊರೊಂದರ ಬಳಿ ಹುಲಿಯೊಂದು ಸೆರೆ ಸಿಕ್ಕಿತು. ಹುಲಿಗೆ ಹೆಸರಾದ ಸೀಮೆಯೇನಲ್ಲ ಅದು. ಮೈಮೇಲಿನ ಪಟ್ಟೆಗಳನ್ನು ಹಳೆಯ ಕ್ಯಾಮೆರಾ ಟ್ರ್ಯಾಪ್ ಚಿತ್ರಗಳೊಂದಿಗೆ ಹೋಲಿಸಿ ನೋಡಿದಾಗ ಅದು ಬಂಡೀಪುರದ ಹುಲಿ ಎಂದು ಗೊತ್ತಾಯಿತು. ನಕ್ಷೆಯ ಮೇಲೆ ನೇರ ಗೆರೆ ಎಳೆದರೂ ಎರಡು ಜಾಗಗಳ ನಡುವೆ ಸುಮಾರು 280 ಕಿಲೋಮೀಟರ್ ದೂರ. ಹುಲಿ ಹಿಡಿದ ದಾರಿ ಯಾವುದೇ ಆಗಿರಲಿ, ಕಾವೇರಿ ಮತ್ತು ಹೇಮಾವತಿ ಸೀಮೆಯನ್ನು, ಬೆಂಗಳೂರು–ಮಂಗಳೂರು ಹೆದ್ದಾರಿಯನ್ನು, ರೈಲುಹಳಿಯನ್ನು ಅದು ದಾಟಿಯೇ ಬಂದಿರಬೇಕು.

ತಾಯಿಯಿಂದ ಬೇರೆಯಾದ ಎಳೆಯ ಹುಲಿ ತನ್ನದೇ ನೆಲ ಹುಡುಕಿಕೊಂಡು ದೂರ ಹೋಗುವುದು ಅದರ ಹುಟ್ಟುಗುಣ. ಆದ್ದರಿಂದ ಹುಲಿಯ ಸಾಹಸವನ್ನು ಹೊಗಳುವುದಕ್ಕಿಂತ ಅದು ನಡೆದ ನೆಲದತ್ತ ನೋಡುವುದು ಮೇಲು. ಅಭಯಾರಣ್ಯದ ಗಡಿಕಲ್ಲು ದಾಟಿದ ಮೇಲೂ ಹಗಲು ಅಡಗಿ ಮಲಗಲು ಪೊದೆ, ಕುಡಿಯಲು ನೀರು, ತಿನ್ನಲು ಹಂದಿಯೋ ಜಿಂಕೆಯೋ ಸಿಗುವಷ್ಟು ಜಾಗ ಅಲ್ಲಲ್ಲಿ ಉಳಿದಿತ್ತು. ಅಂಥ ಜಾಗದಲ್ಲಿ ಒಂದಿಷ್ಟು ಮೀಸಲು ಅರಣ್ಯ. ಮಿಕ್ಕದ್ದು ಕಾಫಿ ಬೆಳೆಗಾರರ ತೋಟ, ರೈತರ ಹಿಡುವಳಿ, ಕಂದಾಯ ಇಲಾಖೆಯ ಗೋಮಾಳ, ಕಾನು, ಬಾಣೆ ಎಂಬ ಕಾಡುಜಮೀನು. ವನ್ಯಜೀವಿ ಕಾರಿಡಾರನ್ನು ನಾವು ಅರಣ್ಯ ಇಲಾಖೆಯ ವಿಷಯವೆಂದು ಬದಿಗಿಟ್ಟಿದ್ದೇವೆ. ವಾಸ್ತವದಲ್ಲಿ ಅದು ಜಮೀನಿನ ವಿಷಯ. ಯಾರ ಜಮೀನು, ಅಲ್ಲಿ ಏನು ಬೆಳೆ, ಸುತ್ತ ಯಾವ ಬೇಲಿ, ನಾಳೆ ಅದನ್ನು ಯಾರು ಕೊಳ್ಳುತ್ತಾರೆ ಎಂಬುದರ ಮೇಲೆ ಕಾರಿಡಾರಿನ ಆಯುಸ್ಸು ನಿಂತಿದೆ.

ಉಳಿದ ಚೂರುಗಳ ಲೆಕ್ಕ

ಎರಡು ದೊಡ್ಡ ಕಾಡುಗಳ ನಡುವೆ ಪ್ರಾಣಿಗಳು ಓಡಾಡಲು ಉಳಿದಿರುವ ಕಿರಿದಾದ ನೆಲವೇ ಕಾರಿಡಾರ್. ಎಲ್ಲ ಪ್ರಾಣಿಗೂ ಒಂದೇ ಬಗೆಯ ದಾರಿ ಸಾಲದು. ಆನೆಯ ಹಿಂಡು ನೂರಾರು ಚದರ ಕಿಲೋಮೀಟರ್ ಹರವಿನಲ್ಲಿ ಋತುವಿಗೆ ತಕ್ಕಂತೆ ಸುತ್ತುತ್ತದೆ. ಮಳೆ ಎಲ್ಲಿ, ಹುಲ್ಲು ಎಲ್ಲಿ, ಬೇಸಿಗೆಯಲ್ಲಿ ನೀರು ಎಲ್ಲಿ ಎಂಬ ನೆನಪು ಹಿರಿಯ ಹೆಣ್ಣಾನೆಯಿಂದ ಮುಂದಿನವಕ್ಕೆ ದಾಟುತ್ತದೆ. ಹಾಗಾಗಿ ಅದರ ದಾರಿ ತಲೆಮಾರುಗಳಿಂದ ಹೆಚ್ಚು ಬದಲಾಗದ ದಾರಿ. ಹುಲಿಗೆ ಅಂಥ ಗೊತ್ತಾದ ಜಾಡು ಬೇಕಿಲ್ಲ, ಕತ್ತಲು ಮತ್ತು ಮರೆ ಸಿಕ್ಕರೆ ಕಬ್ಬಿನ ಗದ್ದೆಯಲ್ಲೂ ದಾಟಿಬಿಡುತ್ತದೆ. ಸಿಂಗಳೀಕದ ಕಷ್ಟವೇ ಬೇರೆ. ಅದು ಮರದಿಂದ ಮರಕ್ಕೆ ಹೋಗುವ ಜೀವಿ. ನೆಲಕ್ಕೆ ಇಳಿಯುವುದು ಅಪರೂಪ. ಶರಾವತಿ ಕೊಳ್ಳದಲ್ಲಿಯೋ ಅಘನಾಶಿನಿ ಕೊಳ್ಳದಲ್ಲಿಯೋ ಒಂದು ರಸ್ತೆ ಅಗಲವಾಗಿ ಎರಡು ಬದಿಯ ಕೊಂಬೆಗಳು ಪರಸ್ಪರ ತಾಗದಂತಾದರೆ, ನಮ್ಮ ಕಣ್ಣಿಗೆ ಕಾಡು ಹಾಗೆಯೇ ಇದ್ದರೂ, ಸಿಂಗಳೀಕದ ಪಾಲಿಗೆ ಅಲ್ಲಿಗೆ ಲೋಕ ಮುಗಿಯಿತು. ಶರಾವತಿಯ ಭೂಗತ ವಿದ್ಯುತ್ ಯೋಜನೆಯ ಚರ್ಚೆಯಲ್ಲಿ ಎಷ್ಟು ಹೆಕ್ಟೇರ್ ಕಾಡು ಹೋಗುತ್ತದೆ ಎಂಬ ಲೆಕ್ಕಕ್ಕಿಂತ, ಎಲ್ಲಿ ಹೋಗುತ್ತದೆ ಎಂಬ ಪ್ರಶ್ನೆ ದೊಡ್ಡದಾಗಬೇಕಿರುವುದು ಈ ಕಾರಣಕ್ಕೆ.

ದೇಶದ ಆನೆ ಕಾರಿಡಾರುಗಳ ಮೊದಲ ವಿಸ್ತಾರವಾದ ಪಟ್ಟಿಯನ್ನು ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ 2005ರಲ್ಲಿ ಹೊರತಂದಾಗ ಅದರಲ್ಲಿ 88 ಹೆಸರುಗಳಿದ್ದವು. 2017ರ ಪರಿಷ್ಕೃತ ಪಟ್ಟಿಯಲ್ಲಿ 101. ಕೇಂದ್ರ ಪರಿಸರ ಸಚಿವಾಲಯದ 2023ರ ವರದಿಯಲ್ಲಿ 15 ರಾಜ್ಯಗಳಲ್ಲಿ 150. ಸಂಖ್ಯೆ ಏರಿದ್ದನ್ನು ಸಾಧನೆಯಂತೆ ಹೇಳಿಕೊಳ್ಳುವವರಿದ್ದಾರೆ. ಹುಡುಕಾಟ ಚೆನ್ನಾಗಿ ನಡೆದಿದೆ ಎಂಬ ಮಟ್ಟಿಗೆ ಅದು ನಿಜ. ಆದರೆ ಕಾಡು ಒಂದೇ ಹಾಸಿನಂತಿದ್ದ ಕಡೆ ಯಾರೂ ಕಾರಿಡಾರ್ ಗುರುತಿಸುವುದಿಲ್ಲ, ಗುರುತಿಸುವ ಅಗತ್ಯವೇ ಬೀಳುವುದಿಲ್ಲ. ಎರಡೂ ಕಡೆಯಿಂದ ಹೊಲ, ಕಾಲುವೆ, ಬಡಾವಣೆ ಒತ್ತರಿಸಿ ಬಂದು ನಡುವೆ ಒಂದು ಕತ್ತು ಮಾತ್ರ ಉಳಿದಾಗ ಅದಕ್ಕೆ ಕಾರಿಡಾರ್ ಎಂಬ ಹೆಸರು ಬರುತ್ತದೆ. ಪಟ್ಟಿ ಬೆಳೆಯುವುದೆಂದರೆ ಕತ್ತುಗಳು ಹೆಚ್ಚುತ್ತಿವೆ ಎಂದೂ ಅರ್ಥ.

ಕಬಿನಿಯನ್ನೇ ನೋಡಿ. ಎಪ್ಪತ್ತರ ದಶಕದಲ್ಲಿ ಬೀಚನಹಳ್ಳಿಯ ಅಣೆಕಟ್ಟು ಮುಗಿಯುವ ಮೊದಲು ಬಂಡೀಪುರ ಮತ್ತು ನಾಗರಹೊಳೆಯ ನಡುವೆ ಇದ್ದದ್ದು ನದಿ ಮತ್ತು ಕಾಡು. ಈಗಿರುವುದು ಜಲಾಶಯ. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಚಿಗುರುವ ಹುಲ್ಲಿಗೆ ನೂರಾರು ಆನೆಗಳು ಸೇರುವ ದೃಶ್ಯಕ್ಕೆ ಪ್ರವಾಸಿಗರು ದೇಶವಿದೇಶಗಳಿಂದ ಬರುತ್ತಾರೆ. ಆ ಸೊಬಗು ಮುಳುಗಿದ ಕಾಡಿನ ಮೇಲೆ ಬೆಳೆದದ್ದು ಎಂಬುದನ್ನು ಸಫಾರಿ ಜೀಪಿನಲ್ಲಿ ಯಾರೂ ಹೇಳುವುದಿಲ್ಲ.

ಕೂಡಿಟ್ಟ ಹುಲಿಗೆ ಕಪ್ಪು ಬಣ್ಣ

ದಾರಿ ಮುಚ್ಚಿದರೆ ಆಗುವುದೇನು ಎಂಬುದಕ್ಕೆ ಒಡಿಶಾದ ಸಿಮಿಲಿಪಾಲ್ ಹುಲಿ ಮೀಸಲು ಉತ್ತರ ಕೊಡುತ್ತದೆ. ಅಲ್ಲಿನ ಹಲವು ಹುಲಿಗಳ ಮೈಮೇಲೆ ಕಪ್ಪು ಪಟ್ಟೆಗಳು ಅಗಲವಾಗಿ ಹರಡಿ ಒಂದಕ್ಕೊಂದು ಬೆರೆತು, ದೂರಕ್ಕೆ ಇಡೀ ಹುಲಿ ಕಪ್ಪಾಗಿ ಕಾಣುತ್ತದೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಉಮಾ ರಾಮಕೃಷ್ಣನ್ ಅವರ ತಂಡ ಇದರ ಬೆನ್ನುಹತ್ತಿತು. ಒಂದು ಜೀನ್‌ನಲ್ಲಿನ ಸಣ್ಣ ಬದಲಾವಣೆಯೇ ಕಾರಣವೆಂದು 2021ರಲ್ಲಿ ತೋರಿಸಿತು. ಬೇರೆಲ್ಲೂ ಕಾಡಿನಲ್ಲಿ ಕಾಣದ ಈ ಲಕ್ಷಣ ಸಿಮಿಲಿಪಾಲದ ಹುಲಿಗಳಲ್ಲಿ ಮೂರನೇ ಒಂದು ಪಾಲಿಗೂ ಹೆಚ್ಚು, ಅಂದರೆ ಸುಮಾರು ಶೇ. 37ರಷ್ಟು ಹುಲಿಗಳಲ್ಲಿತ್ತು. ಕೆಲವೇ ಹುಲಿಗಳಿಂದ ಬೆಳೆದ ಬಳಗ, ಹೊರಗಿನಿಂದ ಬರುವ ಸಂಬಂಧವಿಲ್ಲ, ಒಳಗೊಳಗೇ ಸಂತಾನ. ಹೀಗಾದಾಗ ಅಪರೂಪದ ಗುಣವೂ ಸರ್ವೇಸಾಮಾನ್ಯವಾಗಿಬಿಡುತ್ತದೆ. ಬಣ್ಣ ಕಣ್ಣಿಗೆ ಕಾಣುವುದರಿಂದ ನಮಗೆ ತಿಳಿಯಿತು. ಸಂತಾನಶಕ್ತಿ ಕುಂದುವುದು, ರೋಗಕ್ಕೆ ಸುಲಭವಾಗಿ ತುತ್ತಾಗುವುದು ಇವು ಯಾವ ಕ್ಯಾಮೆರಾಕ್ಕೂ ಕಾಣುವುದಿಲ್ಲ. ರಾಜಸ್ಥಾನದ ರಣಥಂಬೋರ್‌ನ ಹುಲಿಗಳಲ್ಲೂ ಒಳಸಂತಾನದ ಗುರುತುಗಳು ಸಿಕ್ಕಿವೆ. ಕಪ್ಪು ಹುಲಿಗಳನ್ನು ತೋರಿಸಿ ಪ್ರವಾಸೋದ್ಯಮ ಬೆಳೆಸುವ ಉತ್ಸಾಹ ಒಡಿಶಾದಲ್ಲಿದೆ. ಕಾಯಿಲೆಯ ಗುರುತನ್ನೇ ಆಭರಣ ಮಾಡಿಕೊಂಡಂತೆ ಅದು ನನಗೆ ಕಾಣುತ್ತದೆ.

ಇದಕ್ಕೆ ಪರಿಹಾರವಾಗಿ 2024ರ ಕೊನೆಯಲ್ಲಿ ಮಹಾರಾಷ್ಟ್ರದ ತಾಡೋಬಾದಿಂದ ಜಮುನಾ ಮತ್ತು ಜೀನತ್ ಎಂಬ ಎರಡು ಹೆಣ್ಣುಹುಲಿಗಳನ್ನು ವಾಹನದಲ್ಲಿ ಸಿಮಿಲಿಪಾಲಕ್ಕೆ ತರಲಾಯಿತು. ಹೊಸ ರಕ್ತ ಸೇರಲಿ ಎಂಬುದು ಉದ್ದೇಶ. ಜೀನತ್ ಅಲ್ಲಿ ನಿಲ್ಲಲಿಲ್ಲ. ಜಾರ್ಖಂಡ್ ದಾಟಿ ಪಶ್ಚಿಮ ಬಂಗಾಳ ಸೇರಿತು. ಮೂರು ರಾಜ್ಯಗಳ ಅರಣ್ಯ ಸಿಬ್ಬಂದಿ ವಾರಗಟ್ಟಲೆ ಹಿಂದೆ ಅಲೆದು, ಡಿಸೆಂಬರ್ ಕೊನೆಯಲ್ಲಿ ಬಾಂಕುರಾ ಜಿಲ್ಲೆಯಲ್ಲಿ ಅರಿವಳಿಕೆ ಕೊಟ್ಟು ಹಿಡಿದರು. ತಲೆಮಾರಿಗೆ ಒಂದೆರಡು ಪ್ರಾಣಿ ತಾನಾಗಿ ಬಂದು ಸೇರಿದರೂ ಒಂದು ಬಳಗದ ವಂಶವೈವಿಧ್ಯ ಬಹುಮಟ್ಟಿಗೆ ಉಳಿಯುತ್ತದೆ ಎನ್ನುವುದು ಸಂರಕ್ಷಣಾ ತಳಿಶಾಸ್ತ್ರದ ಹಳೆಯ ಲೆಕ್ಕ. ದಾರಿಯೊಂದು ಖರ್ಚಿಲ್ಲದೆ ಮಾಡುತ್ತಿದ್ದ ಆ ಕೆಲಸವನ್ನು ಲಾರಿ, ಅರಿವಳಿಕೆ, ರೇಡಿಯೊ ಕಾಲರ್, ಮೂರು ರಾಜ್ಯಗಳ ಸಿಬ್ಬಂದಿ ಸೇರಿ ಮಾಡಲು ಹೊರಟಾಗ ಹೀಗಾಗುತ್ತದೆ.

ಕರ್ನಾಟಕಕ್ಕೆ ಈ ಗತಿ ಇನ್ನೂ ಬಂದಿಲ್ಲ. ನಾಗರಹೊಳೆ, ಬಂಡೀಪುರ, ಮುದುಮಲೆ, ವಯನಾಡು, ಸತ್ಯಮಂಗಲ, ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟ, ಕಾವೇರಿ ಅಭಯಾರಣ್ಯ ಇವು ಇನ್ನೂ ಒಂದಕ್ಕೊಂದು ಅಂಟಿಕೊಂಡಿವೆ. 2022ರ ಗಣತಿಯಲ್ಲಿ ರಾಜ್ಯದ ಹುಲಿಗಳ ಅಂದಾಜು 563. 2025ರಲ್ಲಿ ಹೊರಬಂದ ಡಿಎನ್‌ಎ ಆಧಾರಿತ ಆನೆ ಗಣತಿಯಲ್ಲಿ ದೇಶದ 22,446 ಆನೆಗಳಲ್ಲಿ 6,013 ಕರ್ನಾಟಕದವು. ಪ್ರತಿ ಗಣತಿಯ ಮರುದಿನ ನಾವು ಈ ಅಂಕಿಗಳನ್ನು ಹೆಮ್ಮೆಯಿಂದ ಮುದ್ರಿಸುತ್ತೇವೆ. ಬೇರೆ ಬೇರೆ ಕಾಡುಗಳು ಅಂಟಿಕೊಂಡಿರುವುದರಿಂದಲೇ ಈ ಅಂಕಿ ಸಾಧ್ಯವಾಗಿದೆ ಎಂಬ ಮಾತು ಮಾತ್ರ ವರದಿಯಲ್ಲಿ ಎಲ್ಲೋ ಕೊನೆಗೆ ಬರುತ್ತದೆ.

ಇಪ್ಪತ್ತೈದು ಎಕರೆಯ ಬೆಲೆ

ಚಾಮರಾಜನಗರ ಜಿಲ್ಲೆಯಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ಕಾಡು. ಆದರೂ ಕತ್ತುಗಳು ಇರುವುದು ಇಲ್ಲಿಯೇ. ಬಂಡೀಪುರದ ಅಂಚಿನ ಕಣಿಯನಪುರದಲ್ಲಿ ಒಂದು ಕಡೆ ಮೋಯಾರ್ ಕಂದರ, ಇನ್ನೊಂದು ಕಡೆ ಹೊಲಗಳು. ನಡುವಿನ ಪಟ್ಟಿಯಲ್ಲೇ ಆನೆ ಸಾಗಬೇಕು. ಪುಣಜನೂರಿನ ಬಳಿ ಬಿಳಿಗಿರಿರಂಗನ ಬೆಟ್ಟದ ಕಾಡು ಸತ್ಯಮಂಗಲದ ತಾಳಮಲೆಯ ಕಾಡಿಗೆ ತಾಗುತ್ತದೆ. ಅದರ ನಡುವೆಯೇ ಚಾಮರಾಜನಗರ–ಸತ್ಯಮಂಗಲ ಹೆದ್ದಾರಿ. ಆ ರಸ್ತೆಯ ಆಸನೂರು, ಕಾರಪ್ಪಳ್ಳಂ ಕಡೆ ಕಬ್ಬಿನ ಲಾರಿಗಳನ್ನು ತಡೆದು ನಿಲ್ಲುವ ಆನೆಗಳ ವಿಡಿಯೊಗಳನ್ನು ಎಲ್ಲರೂ ಮೊಬೈಲಿನಲ್ಲಿ ನೋಡಿದ್ದೇವೆ, ನಕ್ಕಿದ್ದೇವೆ. ಲಾರಿಗೆ ಮಿತಿಮೀರಿ ಕಬ್ಬು ಹೇರುತ್ತಾರೆ, ಚೆಕ್‌ಪೋಸ್ಟಿನಲ್ಲಿ ಮೇಲಿನ ಕಬ್ಬು ಉದುರುತ್ತದೆ, ಆನೆ ಕಲಿಯುತ್ತದೆ, ಮರಿಗೂ ಕಲಿಸುತ್ತದೆ. ದಾರಿ ದಾಟುವ ಪ್ರಾಣಿ ದಾರಿಬದಿಯಲ್ಲಿ ಕಾಯುವ ಪ್ರಾಣಿಯಾಗುವುದು ಹೀಗೆ.

ಇವುಗಳಲ್ಲಿ ಎಡೆಯಾರಹಳ್ಳಿ–ದೊಡ್ಡಸಂಪಿಗೆ ಕಾರಿಡಾರಿನ ಕಥೆಯನ್ನು ತುಸು ವಿವರವಾಗಿ ಹೇಳಬೇಕು. ಬಿಳಿಗಿರಿರಂಗನ ಬೆಟ್ಟದ ಪೂರ್ವದ ಅಂಚಿನ ದೊಡ್ಡಸಂಪಿಗೆ ಕಾಡಿಗೂ ಮಲೆ ಮಹದೇಶ್ವರ ಬೆಟ್ಟದ ಕಡೆಯ ಎಡೆಯಾರಹಳ್ಳಿ ಕಾಡಿಗೂ ನಡುವಿನ ಅಂತರ ಅರ್ಧ ಕಿಲೋಮೀಟರಿನ ಆಸುಪಾಸು ಅಷ್ಟೇ. ಸೋಲಿಗರು ಪೂಜಿಸುವ ಹಳೆಯ ಸಂಪಿಗೆ ಮರದ ಸೀಮೆ ಇದು. ಆ ಅರ್ಧ ಕಿಲೋಮೀಟರಿನಲ್ಲಿ ರೈತರ ಜಮೀನಿತ್ತು, ರಸ್ತೆಯೂ ಇತ್ತು. ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ವಿದೇಶಿ ನೆರವಿನೊಂದಿಗೆ ಸುಮಾರು 25 ಎಕರೆ ಖಾಸಗಿ ಜಮೀನನ್ನು ರೈತರ ಒಪ್ಪಿಗೆಯಿಂದ ಕೊಂಡು, ಆಮೇಲೆ ಅರಣ್ಯ ಇಲಾಖೆಗೆ ಬಿಟ್ಟುಕೊಟ್ಟಿತು.

ಇಪ್ಪತ್ತೈದು ಎಕರೆ ಎಂದರೆ ಒಂದು ಸಾಧಾರಣ ತೆಂಗಿನ ತೋಟ. ಅಷ್ಟಕ್ಕೆ ಜೋಡಿಸಿದ್ದು ಯಾವ ಯಾವ ಕಾಡುಗಳನ್ನು? ಬಿಳಿಗಿರಿರಂಗನ ಬೆಟ್ಟದ ಹುಲಿ ಮೀಸಲಿನ 574 ಚದರ ಕಿಲೋಮೀಟರ್ ಒಂದು ಕಡೆ. ಇನ್ನೊಂದು ಕಡೆ 2013ರಲ್ಲಿ ಘೋಷಣೆಯಾದ ಮಲೆ ಮಹದೇಶ್ವರ ವನ್ಯಜೀವಿಧಾಮದ 906 ಚದರ ಕಿಲೋಮೀಟರ್, ಅದಕ್ಕೆ ತಾಗಿದ ಕಾವೇರಿ ವನ್ಯಜೀವಿಧಾಮ. ಆ ವರ್ಷಗಳಲ್ಲಿ ರಾಜ್ಯ ಸರ್ಕಾರ ಬಿಡಿಬಿಡಿಯಾಗಿದ್ದ ಮೀಸಲು ಅರಣ್ಯಗಳನ್ನು ಸಂರಕ್ಷಿತ ಪ್ರದೇಶಗಳಿಗೆ ಸೇರಿಸಿ, ಎರಡು ಸಾವಿರ ಚದರ ಕಿಲೋಮೀಟರಿಗೂ ಹೆಚ್ಚು ವಿಸ್ತರಿಸಿತು. ಸಂಜಯ್ ಗುಬ್ಬಿಯವರಂಥ ಸಂರಕ್ಷಣಾ ವಿಜ್ಞಾನಿಗಳು ಕಡತಗಳ ಹಿಂದೆ ಬಿದ್ದು ಮಾಡಿಸಿದ ಕೆಲಸ ಅದು. ಗದ್ದಲವಿಲ್ಲದೆ ನಡೆದದ್ದರಿಂದಲೋ ಏನೋ, ಅದರ ಮಹತ್ವ ಜನರಿಗೆ ತಲುಪಲಿಲ್ಲ. ಅಲ್ಲಿ ಹೊಸ ಜಮೀನು ಕಿತ್ತುಕೊಂಡದ್ದಿಲ್ಲ. ಮೊದಲೇ ಸರ್ಕಾರದ್ದಾಗಿದ್ದ ಕಾಡಿನ ಕಾನೂನಿನ ದರ್ಜೆ ಏರಿತು ಅಷ್ಟೇ.

ಆದರೆ ಜಾಗ ಜೋಡಿಸಿದರೆ ಕೆಲಸ ಮುಗಿಯುವುದಿಲ್ಲ ಎಂಬುದನ್ನು 2025ರ ಜೂನ್ ಕಲಿಸಿತು. ಮಲೆ ಮಹದೇಶ್ವರ ಬೆಟ್ಟದ ಹೂಗ್ಯಂ ವಲಯದಲ್ಲಿ ತಾಯಿ ಹುಲಿಯೂ ನಾಲ್ಕು ಮರಿಗಳೂ ಒಟ್ಟಿಗೆ ಸತ್ತು ಬಿದ್ದಿದ್ದವು. ಹುಲಿ ಕೊಂದ ಹಸುವಿನ ಮೈಗೆ ಕೀಟನಾಶಕ ಹಾಕಲಾಗಿತ್ತು. ಆರೋಪಿಗಳ ಬಂಧನವಾಯಿತು, ಅಧಿಕಾರಿಗಳ ಮೇಲೆ ಕ್ರಮವಾಯಿತು, ಕೆಲವು ದಿನ ಸುದ್ದಿವಾಹಿನಿಗಳಲ್ಲಿ ಕೂಗಾಟವಾಯಿತು. ಕಾಡಿಗೆ ದನ ಅಟ್ಟುವವರ ಬದುಕು, ಹಸು ಸತ್ತಾಗ ಪರಿಹಾರ ಎಷ್ಟು ದಿನಕ್ಕೆ ಕೈಸೇರುತ್ತದೆ, ಅದು ಮಾರುಕಟ್ಟೆಯ ಬೆಲೆಗೆ ಎಷ್ಟು ಹತ್ತಿರವಿದೆ ಎಂಬ ಪ್ರಶ್ನೆಗಳು ಆ ಕೂಗಾಟದಲ್ಲಿ ಕೇಳಲಿಲ್ಲ. ವಿಷ ಹಾಕಿದ್ದು ಅಪರಾಧವೇ, ಅದರಲ್ಲಿ ಎರಡು ಮಾತಿಲ್ಲ. ಆದರೂ ಹುಲಿಗಳನ್ನು ಹೊಸ ಕಾಡಿಗೆ ಹಬ್ಬಲು ಬಿಟ್ಟ ಮೇಲೆ, ಆ ಕಾಡಿನ ಅಂಚಿನವರಿಗೆ ಅದರ ವೆಚ್ಚವನ್ನು ಸಕಾಲಕ್ಕೆ ತುಂಬಿಕೊಡುವ ವ್ಯವಸ್ಥೆಯೂ ಜೊತೆಗೇ ಹಬ್ಬಬೇಕಲ್ಲವೆ?

ಕಾನೂನು ಎಲ್ಲಿಯವರೆಗೆ

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ರಾಷ್ಟ್ರೀಯ ಉದ್ಯಾನ, ವನ್ಯಜೀವಿಧಾಮ, ಹುಲಿ ಮೀಸಲು ಎಂಬ ದರ್ಜೆಗಳಿವೆ. ಕಾರಿಡಾರ್ ಎಂಬ ಪ್ರತ್ಯೇಕ ದರ್ಜೆ ಇಲ್ಲ. 2006ರ ತಿದ್ದುಪಡಿಯಲ್ಲಿ ಬಂದ 38-ಓ ಕಲಂ, ಒಂದು ಹುಲಿ ಮೀಸಲನ್ನು ಇನ್ನೊಂದಕ್ಕೆ ಜೋಡಿಸುವ ಪ್ರದೇಶಗಳನ್ನು ಪರಿಸರಕ್ಕೆ ಮಾರಕವಾದ ಬಳಕೆಗೆ ಕೊಡದಂತೆ ನೋಡಿಕೊಳ್ಳುವ ಹೊಣೆಯನ್ನು ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರಕ್ಕೆ ವಹಿಸಿದೆ. ಸಾರ್ವಜನಿಕ ಹಿತಕ್ಕಾಗಿ ಕೊಡಬೇಕಾದರೆ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಒಪ್ಪಿಗೆ ಬೇಕು. ಇದು ಹುಲಿಯ ಹೆಸರಿನಲ್ಲಿ ಬಂದ ರಕ್ಷಣೆ. ಸಂರಕ್ಷಣಾ ಮೀಸಲು ಎಂಬ ಇನ್ನೊಂದು ಸಾಧನವಿದೆ. ಸಂರಕ್ಷಿತ ಪ್ರದೇಶಗಳನ್ನು ಜೋಡಿಸುವ ನೆಲಕ್ಕೆ ಹೇಳಿ ಮಾಡಿಸಿದ್ದು. ಉತ್ತರ ಕನ್ನಡದಲ್ಲಿ ಅಘನಾಶಿನಿ, ಬೇಡ್ತಿ ಕೊಳ್ಳಗಳಲ್ಲಿ ಅದನ್ನು ಜಾಣತನದಿಂದ ಬಳಸಲಾಯಿತು. ಆದರೆ ಅದು ಸರ್ಕಾರಿ ಜಮೀನಿಗೆ ಮಾತ್ರ ಅನ್ವಯ. ಖಾಸಗಿ ಜಮೀನಿಗೆ ಸಮುದಾಯ ಮೀಸಲು ಎಂಬ ಅವಕಾಶವಿದೆ. ಮಾಲೀಕರು ತಾವಾಗಿ ಮುಂದೆ ಬರಬೇಕು. ಬಂದರೆ ಅವರಿಗೆ ಏನು ಸಿಗುತ್ತದೆ ಎಂಬುದಕ್ಕೆ ಕಾಯ್ದೆಯಲ್ಲಿ ಗಟ್ಟಿಯಾದ ಉತ್ತರವಿಲ್ಲ.

ಹೀಗಾಗಿ ಖಾಸಗಿ ಜಮೀನಿನ ಕಾರಿಡಾರ್ ಎಂದರೆ ಕೊನೆಗೆ ನ್ಯಾಯಾಲಯ. ನೀಲಗಿರಿಯ ಸೀಗೂರು ಪ್ರಸ್ಥಭೂಮಿ ಇದಕ್ಕೆ ಸಾಕ್ಷಿ. ಒಂದು ಬದಿಗೆ ಕಡಿದಾದ ನೀಲಗಿರಿ ಬೆಟ್ಟ, ಇನ್ನೊಂದು ಬದಿಗೆ ಮೋಯಾರ್ ಕಂದರ; ಪಶ್ಚಿಮ ಘಟ್ಟದಿಂದ ಪೂರ್ವ ಘಟ್ಟಕ್ಕೆ ಸಾಗುವ ಆನೆಗಳಿಗೆ ಬೇರೆ ದಾರಿಯೇ ಇಲ್ಲ. ಆ ಪಟ್ಟಿಯಲ್ಲಿ ಮಸಿನಗುಡಿ, ಬೊಕ್ಕಾಪುರದ ಸುತ್ತ ರೆಸಾರ್ಟುಗಳು ಎದ್ದವು, ಅವುಗಳ ಸುತ್ತ ವಿದ್ಯುತ್ ಬೇಲಿಗಳೂ ಎದ್ದವು. ತಮಿಳುನಾಡು ಸರ್ಕಾರ 2010ರಲ್ಲಿ ಕಾರಿಡಾರ್ ಗುರುತಿಸಿ ಆದೇಶ ಹೊರಡಿಸಿತು. 2011ರಲ್ಲಿ ಮದ್ರಾಸ್ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಸುಪ್ರೀಂ ಕೋರ್ಟಿನ ಅಂತಿಮ ತೀರ್ಪು ಬಂದದ್ದು 2020ರ ಅಕ್ಟೋಬರ್ 14ರಂದು. ಆನೆಯ ದಾರಿಯನ್ನು ಕಾಯುವುದು ಸಂವಿಧಾನವೇ ಸರ್ಕಾರಕ್ಕೆ ವಹಿಸಿದ ಕರ್ತವ್ಯವೆಂದು ತೀರ್ಪು ಸ್ಪಷ್ಟವಾಗಿ ಹೇಳಿತು. ದೇಶದ ಎಲ್ಲ ಕಾರಿಡಾರ್ ವ್ಯಾಜ್ಯಗಳಿಗೂ ಇಂದು ಇದೇ ಆಧಾರ. ಹತ್ತು ವರ್ಷ ಹಿಡಿಯಿತು ಎಂಬುದನ್ನೂ ಮರೆಯಬಾರದು. 150 ಕಾರಿಡಾರುಗಳಿಗೆ ಹತ್ತು ಹತ್ತು ವರ್ಷ ಕೊಡುವಷ್ಟು ಕಾಲ ಯಾರ ಬಳಿಯೂ ಇಲ್ಲ.

ರಾತ್ರಿ ಒಂಬತ್ತರ ಗೇಟು

ಬಂಡೀಪುರದ ಕಾಡನ್ನು ಹಾದು ವಯನಾಡಿನ ಕಡೆ ಹೋಗುವ ಹೆದ್ದಾರಿಯಲ್ಲಿನ ರಾತ್ರಿ ಸಂಚಾರ ನಿಷೇಧದ ಬಗ್ಗೆ ಎರಡೂ ಕಡೆಯವರ ವಾದ ಈಗ ಎಲ್ಲರಿಗೂ ಬಾಯಿಪಾಠ. 2009ರಲ್ಲಿ ಚಾಮರಾಜನಗರದ ಜಿಲ್ಲಾಧಿಕಾರಿ ಹೊರಡಿಸಿದ ಆದೇಶ, ಕೆಲವೇ ದಿನಗಳಲ್ಲಿ ಅದರ ಹಿಂತೆಗೆತ, ಹೈಕೋರ್ಟಿನ ಮಧ್ಯಪ್ರವೇಶ, 2010ರ ಮಾರ್ಚ್ ತೀರ್ಪು. ಅಲ್ಲಿಂದ ಇಲ್ಲಿಯವರೆಗೆ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಕೆಲವು ಬಸ್ಸು ಮತ್ತು ತುರ್ತು ವಾಹನಗಳನ್ನು ಬಿಟ್ಟು ಮಿಕ್ಕೆಲ್ಲ ವಾಹನಗಳಿಗೆ ಗೇಟು ಬಂದ್. ವಯನಾಡಿನ ಜನರಿಗೆ ತೊಂದರೆ ಇರುವುದು ಸುಳ್ಳಲ್ಲ. ಸುಲ್ತಾನ್ ಬತ್ತೇರಿಯಲ್ಲಿ 2019ರಲ್ಲಿ ನಡೆದ ಉಪವಾಸ ಸತ್ಯಾಗ್ರಹ ಬರಿಯ ರಾಜಕೀಯವಾಗಿರಲಿಲ್ಲ. ಆದರೆ ಹುಣಸೂರು, ಗೋಣಿಕೊಪ್ಪ, ಕುಟ್ಟ ಮಾರ್ಗ ಇದೆ. ಸುತ್ತಾದರೂ ರಾತ್ರಿಯಿಡೀ ತೆರೆದಿರುವ ದಾರಿ ಅದು.

ಆಗಾಗ ಮೇಲೆದ್ದು ಬರುವ ಮೇಲ್ಸೇತುವೆಯ ಪ್ರಸ್ತಾಪಕ್ಕೆ ಉದಾಹರಣೆಯಾಗಿ ಪೆಂಚ್ ಹುಲಿ ಮೀಸಲನ್ನು ತೋರಿಸುತ್ತಾರೆ. ಅದು ನಿಜಕ್ಕೂ ಒಳ್ಳೆಯ ಕೆಲಸ. ನಾಗಪುರದ ಉತ್ತರಕ್ಕೆ ರಾಷ್ಟ್ರೀಯ ಹೆದ್ದಾರಿ 44 ಕಾಡು ದಾಟುವಲ್ಲಿ, ಮಹಾರಾಷ್ಟ್ರದ ಭಾಗದ 16 ಕಿಲೋಮೀಟರಿನಲ್ಲಿ ಒಂಬತ್ತು ಕಡೆ ರಸ್ತೆಯನ್ನು ಎತ್ತರಿಸಿ ಕೆಳಗೆ ಪ್ರಾಣಿಗಳಿಗೆ ದಾರಿ ಬಿಡಲಾಗಿದೆ. ಅತಿ ಉದ್ದದ್ದು 750 ಮೀಟರ್. ಭಾರತೀಯ ವನ್ಯಜೀವಿ ಸಂಸ್ಥೆ 2019ರಲ್ಲಿ ಕ್ಯಾಮೆರಾ ಇಟ್ಟು ನೋಡಿದಾಗ 18 ಜಾತಿಯ ಕಾಡುಪ್ರಾಣಿಗಳು ಅಲ್ಲಿ ಓಡಾಡಿದ್ದವು. ಹನ್ನೊಂದು ಹುಲಿಗಳು 89 ಬಾರಿ ದಾಟಿದ್ದವು. ಆದರೆ ಪೆಂಚ್‌ನಲ್ಲಿ ಮೊದಲಿನ ಪ್ರಶ್ನೆಯೇ ಬೇರೆ ಇತ್ತು. ದೇಶದ ಉತ್ತರ–ದಕ್ಷಿಣ ಹೆದ್ದಾರಿ ಅಲ್ಲಿ ನಾಲ್ಕು ಪಥದ್ದಾಗುವುದು ಖಚಿತವಾಗಿತ್ತು. ಬರುವುದು ಖಚಿತವಾದ ರಸ್ತೆಯ ಕೆಡುಕನ್ನು ತಗ್ಗಿಸುವ ಮದ್ದು ಅದು. ಬಂಡೀಪುರದಲ್ಲಿ ರಾತ್ರಿ ಒಂಬತ್ತು ತಾಸಿನ ಶಾಂತಿ ಈಗಾಗಲೇ ಇದೆ, ಗೇಟು ಹಾಕುವ ಖರ್ಚಿನಲ್ಲಿ. ಅದನ್ನು ಬಿಟ್ಟುಕೊಟ್ಟು, ವರ್ಷಗಟ್ಟಲೆ ಯಂತ್ರಗಳನ್ನು ಕಾಡಿಗೆ ನುಗ್ಗಿಸಿ, ಕಂಬಗಳ ಮೇಲೆ ರಸ್ತೆ ಕಟ್ಟುವುದರಲ್ಲಿ ಗುತ್ತಿಗೆದಾರರ ಲಾಭ ಬಿಟ್ಟು ಬೇರೇನೂ ನನಗೆ ಕಾಣಲಿಲ್ಲ.

ದಾರಿ ಬಿಡುವ ಕೈ, ಬೇಲಿ ಹಾಕುವ ಕೈ

ನಮ್ಮ ನೀತಿಯ ದೊಡ್ಡ ವಿರೋಧಾಭಾಸ ರಸ್ತೆಯಲ್ಲಿಲ್ಲ, ಬೇಲಿಯಲ್ಲಿದೆ. ಒಂದು ಕಡೆ ಕಾರಿಡಾರುಗಳ ಪಟ್ಟಿ. ಇನ್ನೊಂದು ಕಡೆ ಪ್ರತಿ ಬಜೆಟ್ಟಿನಲ್ಲೂ ಆನೆ ಕಂದಕ, ಸೌರಬೇಲಿ, ಹಳೆಯ ರೈಲುಹಳಿಯ ತಡೆಗೋಡೆ. ಹಳಿಯ ಬ್ಯಾರಿಕೇಡಿಗೆ ಕಿಲೋಮೀಟರಿಗೆ ಕೋಟಿ ರೂಪಾಯಿಗೂ ಹೆಚ್ಚು ಬೇಕು. ಸರಿಯಾದ ಜಾಗದಲ್ಲಿ ಅದು ಕೆಲಸ ಮಾಡುತ್ತದೆ. ನಾಗರಹೊಳೆಯ ಅಂಚಿನ ಹಳ್ಳಿಗಳ ರೈತರು ಅದಕ್ಕಾಗಿ ಪಟ್ಟುಹಿಡಿಯುವುದರಲ್ಲಿ ತಪ್ಪೇನೂ ಇಲ್ಲ. ಕಟಾವಿಗೆ ಬಂದ ಭತ್ತವೋ ಜೋಳವೋ ಒಂದು ರಾತ್ರಿಯಲ್ಲಿ ಹೋದವನಿಗೆ ಕಾರಿಡಾರಿನ ಪಾಠ ಹೇಳಲು ಹೋಗುವವರು ಮೊದಲು ಅವನ ಹೊಲದಲ್ಲಿ ಒಂದು ರಾತ್ರಿ ಕಾವಲು ಕೂರಲಿ. ತೊಂದರೆ ಎಲ್ಲಿದೆಯೆಂದರೆ, ತಡೆಗೋಡೆ ಎಲ್ಲಿ ಬರಬೇಕು ಎಂಬುದನ್ನು ಆನೆಯ ಓಡಾಟಕ್ಕಿಂತ ಶಾಸಕರ ಒತ್ತಡ ಹೆಚ್ಚಾಗಿ ತೀರ್ಮಾನಿಸುತ್ತದೆ. ಒಂದು ಊರಿಗೆ ಹಾಕಿದ ಗೋಡೆ ಆನೆಯನ್ನು ಪಕ್ಕದ ಊರಿಗೆ ಅಟ್ಟುತ್ತದೆ. ಆ ಊರಿಗೂ ಗೋಡೆ ಬಂದರೆ ಮೂರನೆಯದಕ್ಕೆ. ಕೊನೆಗೆ ಕಾರಿಡಾರಿನ ಬಾಯಿಗೂ ಗೋಡೆ ಬೀಳುತ್ತದೆ. 2018ರ ಡಿಸೆಂಬರಿನಲ್ಲಿ ನಾಗರಹೊಳೆಯ ವೀರನಹೊಸಹಳ್ಳಿ ಬಳಿ ಬ್ಯಾರಿಕೇಡ್ ಹತ್ತಿ ದಾಟಲು ಹೋಗಿ ಸಿಕ್ಕಿಕೊಂಡು ಸತ್ತ ಆನೆಯ ಚಿತ್ರ ಪತ್ರಿಕೆಗಳಲ್ಲಿ ಬಂದಿತ್ತು.

ಹಾಸನದ ಆಲೂರು, ಸಕಲೇಶಪುರ, ಬೇಲೂರು ಸೀಮೆ ಇದಕ್ಕಿಂತ ಕಠಿಣ. ಅಲ್ಲಿನ ಆನೆಗಳಿಗೆ ಹಿಂದಿರುಗಿ ಹೋಗಲು ದೊಡ್ಡ ಕಾಡೇ ಹತ್ತಿರದಲ್ಲಿಲ್ಲ. ಕಾಫಿ ತೋಟದ ನೆರಳಲ್ಲಿ ಹಗಲು, ಗದ್ದೆಯಲ್ಲಿ ರಾತ್ರಿ. ಹೈಕೋರ್ಟ್ ನೇಮಿಸಿದ, ರಾಮನ್ ಸುಕುಮಾರ್ ನೇತೃತ್ವದ ಆನೆ ಕಾರ್ಯಪಡೆ 2012ರಲ್ಲಿ ಕೊಟ್ಟ ವರದಿ ಮುಲಾಜಿಲ್ಲದೆ ರಾಜ್ಯವನ್ನು ಮೂರು ಬಗೆಯ ವಲಯಗಳಾಗಿ ವಿಂಗಡಿಸಿತು: ಆನೆ ಇರಲೇಬೇಕಾದ ವಲಯ, ಆನೆಯೂ ಮನುಷ್ಯರೂ ಹೊಂದಿಕೊಳ್ಳಬೇಕಾದ ವಲಯ, ಆನೆಯನ್ನು ತೆಗೆಯಬೇಕಾದ ವಲಯ. ಆಲೂರು ಭಾಗದಿಂದ 2014ರಲ್ಲಿ 22 ಆನೆಗಳನ್ನು ಹಿಡಿಯಲಾಯಿತು. ಖಾಲಿಯಾದ ಜಾಗಕ್ಕೆ ಬೇರೆ ಆನೆಗಳು ಬಂದವು. ಹಿಡಿಯುವ ಕೆಲಸ ಮುಂದುವರಿಯಿತು. ಎಂಟು ಬಾರಿ ದಸರಾ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರಿನಲ್ಲಿ ಪ್ರಾಣ ಬಿಟ್ಟದ್ದು ಯಸಳೂರಿನಲ್ಲಿ, ಇಂಥದೇ ಕಾರ್ಯಾಚರಣೆಯಲ್ಲಿ ಕಾಡಾನೆಯ ಎದುರು. ನಾಡೆಲ್ಲ ಕಣ್ಣೀರಿಟ್ಟಿತು. ಹಿಡಿಯುವ ನೀತಿಯಿಂದ ಸಿಕ್ಕ ಫಲವೇನು ಎಂಬ ಪ್ರಶ್ನೆ ಆ ಕಣ್ಣೀರಿನಲ್ಲಿ ತೇಲಿಹೋಯಿತು.

ಹಿಡಿದ ಆನೆಗಳನ್ನು ಬಿಟ್ಟದ್ದೆಲ್ಲಿ? ಬೇಲೂರಿನಲ್ಲಿ ಹಿಡಿದ ಮಖ್ನಾ (ದಂತವಿಲ್ಲದ ಗಂಡಾನೆ) ಒಂದನ್ನು 2023ರ ನವೆಂಬರಿನಲ್ಲಿ ರೇಡಿಯೊ ಕಾಲರ್ ಹಾಕಿ ಬಂಡೀಪುರದ ಮೂಲೆಹೊಳೆಗೆ ಬಿಡಲಾಯಿತು. ಹಾಸನದಲ್ಲಿ ಹಿಡಿದ ಇನ್ನೊಂದು ಸಲಗವನ್ನು ಮರುವರ್ಷದ ಜನವರಿಯಲ್ಲಿ ಅದೇ ಕಡೆ ಬಿಟ್ಟರು. ಗಡಿ ಅಲ್ಲಿಂದ ಕೂಗಳತೆಯಲ್ಲಿದೆ. ಸಲಗ ಫೆಬ್ರವರಿ 2ರಂದು ವಯನಾಡಿನ ಮಾನಂದವಾಡಿ ಪೇಟೆಯಲ್ಲಿ ಕಾಣಿಸಿಕೊಂಡಿತು. ಮಲಯಾಳಿಗಳು ಅದನ್ನು ತಣ್ಣೀರ್ ಕೊಂಬನ್ ಎಂದು ಕರೆದರು. ಅರಿವಳಿಕೆ ಕೊಟ್ಟು ಬಂಡೀಪುರಕ್ಕೆ ವಾಪಸು ತಂದ ಮರುದಿನವೇ ಅದು ಸತ್ತಿತು. ಫೆಬ್ರವರಿ 10ರಂದು ಬೇಲೂರಿನ ಮಖ್ನಾ ಮಾನಂದವಾಡಿಯ ಬಳಿ ಒಬ್ಬರನ್ನು ಅವರ ನೆರೆಮನೆಯ ಅಂಗಳದಲ್ಲೇ ಕೊಂದಿತು. ವಯನಾಡು ಸಿಡಿದೆದ್ದಿತು. ಹಾಸನದ ಸಮಸ್ಯೆಯನ್ನು ಲಾರಿಯಲ್ಲಿ ಹೇರಿ ವಯನಾಡಿಗೆ ಇಳಿಸಿದಂತಾಯಿತು ಎಂದು ಅಲ್ಲಿಯವರು ಕೋಪಗೊಂಡದ್ದರಲ್ಲಿ ನ್ಯಾಯವಿತ್ತು. ಮುಂದಿನ ತಿಂಗಳು ಕರ್ನಾಟಕ, ಕೇರಳದ ಅರಣ್ಯ ಸಚಿವರು ಬಂಡೀಪುರದಲ್ಲಿ ಕೂತು ಸಹಕಾರ ಒಪ್ಪಂದಕ್ಕೆ ಸಹಿ ಹಾಕಿದರು, ತಮಿಳುನಾಡೂ ಜೊತೆಗೂಡಿತು. ಮಾಹಿತಿ ಹಂಚಿಕೊಳ್ಳುವುದು, ಕಾಲರ್ ಹಾಕಿದ ಆನೆಯ ಜಾಡನ್ನು ಒಟ್ಟಿಗೆ ನೋಡುವುದು ಮೊದಲಾದವು ಅದರಲ್ಲಿವೆ. ಒಂದೇ ಕಾಡನ್ನು ಹಂಚಿಕೊಂಡ ಮೂರು ಸರ್ಕಾರಗಳಿಗೆ ಇದು 2024ರವರೆಗೆ ಹೊಳೆಯದೆ ಹೋದದ್ದು ಸೋಜಿಗ.

ಹಾಸನದಲ್ಲಿ ಫಲ ಕೊಟ್ಟದ್ದು ಚಿಕ್ಕ ಉಪಾಯಗಳು. ತಮಿಳುನಾಡಿನ ವಾಲ್ಪಾರೈಯ ಚಹಾ ತೋಟಗಳಲ್ಲಿ ನೇಚರ್ ಕನ್ಸರ್ವೇಶನ್ ಫೌಂಡೇಶನ್ ರೂಢಿಗೆ ತಂದ ಮುನ್ನೆಚ್ಚರಿಕೆ ವ್ಯವಸ್ಥೆ ಇಲ್ಲೂ ಬಂದಿದೆ. ಆನೆ ಇಂದು ಯಾವ ತೋಟದಲ್ಲಿದೆ ಎಂಬ ಸಂದೇಶ ಮೊಬೈಲಿಗೆ ಬರುತ್ತದೆ. ದೂರದಿಂದ ಕಾಣುವ ಕೆಂಪು ದೀಪ ಹೊತ್ತುತ್ತದೆ. ಕೂಲಿಗೆ ಹೊರಟವರು ಬೇರೆ ದಾರಿ ಹಿಡಿಯುತ್ತಾರೆ. ವಾಲ್ಪಾರೈಯಲ್ಲಿ ಆನೆಯಿಂದ ಆಗುವ ಸಾವುಗಳು ಇದರಿಂದ ಗಣನೀಯವಾಗಿ ಇಳಿದವು. ಆನೆ ಎಲ್ಲಿದೆ ಎಂದು ಮೊದಲೇ ಗೊತ್ತಾದರೆ ಅರ್ಧ ಅಪಾಯ ಕಳೆಯಿತು.

ಬಯಲುಸೀಮೆಗೆ ಈ ಚರ್ಚೆ ತಲುಪಿಯೇ ಇಲ್ಲ. ತೋಳ, ಕೃಷ್ಣಮೃಗ, ಕರಡಿಗಳ ಓಡಾಟ ಕಾವಲುಗಳ, ಹುಲ್ಲುಗಾವಲುಗಳ, ಕುರುಚಲು ಗುಡ್ಡಗಳ ಮೇಲೆ. ಸರ್ಕಾರಿ ಕಡತದಲ್ಲಿ ಅವು ಬಂಜರು. ಚಿಕ್ಕಮಗಳೂರು ಜಿಲ್ಲೆಯ ಬಾಸೂರು ಅಮೃತಮಹಲ್ ಕಾವಲಿನಂತೆ ಬೆರಳೆಣಿಕೆಯವು ಸಂರಕ್ಷಣಾ ಮೀಸಲುಗಳಾಗಿವೆ. ಮಿಕ್ಕವನ್ನು ಸೌರಫಲಕಗಳಿಗೋ ಕೈಗಾರಿಕಾ ಪ್ರದೇಶಕ್ಕೋ ಕೊಡುವಾಗ, ಅದು ಯಾವ ಪ್ರಾಣಿಯ ದಾರಿ ಎಂದು ಕೇಳುವವರಿಲ್ಲ.

ಹನ್ನೊಂದನೆಯ ಕಾಲಂ

ಹಾಗಾದರೆ ಖಾಸಗಿ ಜಮೀನಿನ ದಾರಿಗಳನ್ನು ಉಳಿಸಿಕೊಳ್ಳುವುದು ಹೇಗೆ? ಎಲ್ಲವನ್ನೂ ಕೊಳ್ಳುವುದು ಆಗದ ಮಾತು. ವಯನಾಡಿನ ತಿರುನೆಲ್ಲಿ–ಕುದ್ರಕೋಟೆಯಲ್ಲಿ ನಾಲ್ಕು ವಸತಿಗಳ ಕುಟುಂಬಗಳು ಒಪ್ಪಿ ಬೇರೆ ಕಡೆ ಹೋಗಿ ನೆಲೆಸಿ, ಬ್ರಹ್ಮಗಿರಿಯ ಮಗ್ಗುಲಿನ ದಾರಿ ತೆರವಾಯಿತು. ಅಂಥದ್ದಕ್ಕೆ ಹಲವು ವರ್ಷಗಳ ಮಾತುಕತೆ ಬೇಕು, ಹಣವೂ ಬೇಕು. ಕತ್ತು ತೀರಾ ಕಿರಿದಾದ ಕಡೆ ಅದೇ ಸರಿ. ಕೊಡಗು, ಹಾಸನದ ಕಾಫಿ ಸೀಮೆಯಲ್ಲಿ, ಗುಂಡ್ಲುಪೇಟೆಯ ಹೊಲಗಳಲ್ಲಿ ಬೇಕಿರುವುದು ಒಪ್ಪಂದ. ಈ ಪಟ್ಟಿಯಲ್ಲಿ ಬೇಲಿ ಹಾಕುವುದಿಲ್ಲ, ಕಟ್ಟಡ ಕಟ್ಟುವುದಿಲ್ಲ, ನೆರಳಿನ ಮರ ಕಡಿಯುವುದಿಲ್ಲ ಎಂದು ಬೆಳೆಗಾರ ಒಪ್ಪಬೇಕು. ಎಕರೆಗೆ ಇಷ್ಟೆಂದು ವರ್ಷಾವರ್ಷ ಸರ್ಕಾರ ಕೊಡಬೇಕು. ಬೆಳೆ ಹೋದ ಮೇಲೆ ಅರ್ಜಿ ಹಾಕಿಸಿಕೊಂಡು, ಪರಿಶೀಲನೆ ಮಾಡಿ, ತಿಂಗಳುಗಟ್ಟಲೆ ಕಾಯಿಸಿ ಕೊಡುವ ಪರಿಹಾರಕ್ಕಿಂತ ಇದು ಅಗ್ಗವಾಗುವ ಜಾಗಗಳಿವೆ. ಬ್ಯಾರಿಕೇಡಿನ ಒಂದು ಕಿಲೋಮೀಟರಿನ ಹಣಕ್ಕೆ ಎಷ್ಟು ಎಕರೆಯ ಎಷ್ಟು ವರ್ಷದ ಬಾಡಿಗೆ ಆಗುತ್ತದೆ ಎಂದು ಹಣಕಾಸು ಇಲಾಖೆ ಒಮ್ಮೆ ಕೂತು ಲೆಕ್ಕ ಹಾಕಬಹುದು.

ಅದಕ್ಕೂ ಮೊದಲು ದುಡ್ಡಿಲ್ಲದೆ ಆಗುವ ಒಂದು ಕೆಲಸವಿದೆ. ಕಾರಿಡಾರಿನಲ್ಲಿ ಜಮೀನು ಕೊಳ್ಳುವವರು ಈಗ ನೋಡುವುದು ಪಹಣಿ. ಮಾಲೀಕ ಯಾರು, ಬೆಳೆ ಏನು, ಬ್ಯಾಂಕಿನ ಸಾಲ ಎಷ್ಟು ಎಂಬುದೆಲ್ಲ ಅದರಲ್ಲಿದೆ. ಹನ್ನೊಂದನೆಯ ಕಾಲಂ ಇತರೆ ಹಕ್ಕುಗಳು ಮತ್ತು ಋಣಗಳಿಗೆ ಮೀಸಲು. ಕೇಂದ್ರ ಸರ್ಕಾರದ ವರದಿಯಲ್ಲಿ ನಕ್ಷೆ ಸಮೇತ ಅಚ್ಚಾಗಿರುವ ಆನೆದಾರಿಯ ಸುಳಿವು ಅಲ್ಲಿಲ್ಲ. ಬೆಂಗಳೂರಿನಿಂದಲೋ ಕೋಯಿಕ್ಕೋಡಿನಿಂದಲೋ ಬಂದವರು ಹೋಂಸ್ಟೇ ಕಟ್ಟಲು ಎರಡು ಎಕರೆ ಕೊಂಡು, ಬೇಲಿ ಹಾಕಿ, ಆನೆ ಬಂದಾಗ ಅರಣ್ಯ ಇಲಾಖೆಗೆ ದೂರು ಕೊಡುತ್ತಾರೆ. ಅವರನ್ನು ಬೈದು ಪ್ರಯೋಜನವಿಲ್ಲ, ಉಪನೋಂದಣಿ ಕಚೇರಿಯಲ್ಲಿ ಅವರಿಗೆ ಯಾರೂ ಏನೂ ಹೇಳಿರಲಿಲ್ಲ. ಗುರುತಿಸಿದ ಕಾರಿಡಾರುಗಳ ಸರ್ವೆ ನಂಬರುಗಳನ್ನು ಅರಣ್ಯ ಇಲಾಖೆ ಕಂದಾಯ ಇಲಾಖೆಗೆ ಕೊಟ್ಟು, ಪಹಣಿ ದಾಖಲೆಯ ‘ಭೂಮಿ’ ತಂತ್ರಾಂಶದಲ್ಲಿ ಆ ಕಾಲಂ ತುಂಬಿಸಿದರೆ, ಕೃಷಿಯೇತರ ಬಳಕೆಗೆ ಪರಿವರ್ತನೆ ಕೋರುವ ಅರ್ಜಿ ಬಂದ ದಿನವೇ ತಹಶೀಲ್ದಾರರ ಮುಂದೆ ಆ ಸಂಗತಿ ಇರುತ್ತದೆ. ಜಮೀನಿನ ಬೆಲೆ ಕುಸಿಯುತ್ತದೆ ಎಂದು ಮಾಲೀಕರು ಹೆದರಿ ವಿರೋಧಿಸುವುದು ಖಂಡಿತ. ವಾರ್ಷಿಕ ಬಾಡಿಗೆಯ ಮಾತು ಅದಕ್ಕಾಗಿಯೇ ಜೊತೆಗೆ ಬರಬೇಕು, ಮತ್ತು ಕಾಲಂ ತುಂಬುವ ಆದೇಶಕ್ಕಿಂತ ಒಂದು ದಿನ ಮೊದಲು ಬರಬೇಕು.